ನೀಲಿ ಏಡಿಯ ತೂಕ

ಎರಡು ಏಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಗಂಡು, ಎರಡೂ ಜೀವಂತ, ಎರಡರ ಚಿಪ್ಪೂ ಮೊನೆಯಿಂದ ಮೊನೆಗೆ ಆರು ಇಂಚು. ಕೊಂಡಿಗಳ ನೀಲಿಯಲ್ಲೂ ವ್ಯತ್ಯಾಸವಿಲ್ಲ. ಆದರೆ ಕೈಗೆತ್ತಿಕೊಂಡರೆ ಒಂದು ಹೊಳೆಯ ಕಲ್ಲಿನಂತೆ ಭಾರ, ಇನ್ನೊಂದು ಒಣಗಿದ ತೆಂಗಿನ ಕರಟದಂತೆ ಹಗುರ. ಬೇಯಿಸಿ ಒಡೆದಾಗ ಮೊದಲನೆಯದರ ಗೂಡುಗೂಡಿನಲ್ಲೂ ಬೆಳ್ಳನೆಯ ಮಾಂಸ ತುಂಬಿರುತ್ತದೆ. ಎರಡನೆಯದರಿಂದ ನೀರು ಸುರಿಯುತ್ತದೆ, ನಾಲ್ಕು ಎಳೆ ಮಾಂಸ ಬೆರಳಿಗೆ ಅಂಟುತ್ತದೆ.

ಕುಂದಾಪುರದ ಕಡೆಯ ಮನೆಯಲ್ಲಿ ಏಡಿ ಸಾರು ಉಂಡು ಬೆಳೆದವನು ನಾನು. ಅಮೆರಿಕದ ಮೇರಿಲ್ಯಾಂಡ್ ರಾಜ್ಯಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ರಸ್ತೆಬದಿಯ ವ್ಯಾಪಾರಿಯೊಬ್ಬರಿಂದ ಒಂದು ಡಜನ್ ನೀಲಿ ಏಡಿ ತಂದಾಗ, ಅದರಲ್ಲಿ ಏಳು ಇಂಥ ನೀರು ತುಂಬಿದ ಏಡಿಗಳೇ ಇದ್ದವು. ಮೋಸವಾಯಿತು ಎಂದುಕೊಂಡೆ. ಇಲ್ಲಿನ ಮೀನುಗಾರರ ಒಡನಾಟ ಬೆಳೆದ ಮೇಲೆ ತಿಳಿಯಿತು: ಆ ಏಳೂ ತಾಜಾ ಏಡಿಗಳೇ, ಆರೋಗ್ಯವಂತ ಏಡಿಗಳೇ. ಚಿಪ್ಪು ಕಳಚಿ ಕೆಲವೇ ದಿನ ಕಳೆದಿದ್ದವು, ಅಷ್ಟೆ. ಏಡಿಯನ್ನು ಯಾವಾಗ ಹಿಡಿಯಬೇಕು, ಯಾವುದನ್ನು ನೀರಿಗೆ ಬಿಡಬೇಕು, ಯಾವುದಕ್ಕೆ ಎಷ್ಟು ಬೆಲೆ, ಯಾವ ತಿಂಗಳಲ್ಲಿ ರುಚಿ ಎಂಬ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಆ ಚಿಪ್ಪಿನ ವಯಸ್ಸಿಗೇ ಬಂದು ನಿಲ್ಲುತ್ತವೆ.

ಈ ಏಡಿಗಳ ಮನೆಯಾದ ಚೆಸಪೀಕ್ ಕೊಲ್ಲಿ ಸುಮಾರು 320 ಕಿಲೋಮೀಟರ್ ಉದ್ದದ, ಅಮೆರಿಕದ ಅತಿದೊಡ್ಡ ಅಳಿವೆ. ಸಸ್ಕ್ವೆಹಾನಾದಂಥ ನದಿಗಳ ಸಿಹಿನೀರು ಮೇಲಿನಿಂದ ಇಳಿಯುತ್ತದೆ, ಅಟ್ಲಾಂಟಿಕ್ ಸಾಗರದ ಉಪ್ಪುನೀರು ಕೆಳಗಿನಿಂದ ನುಗ್ಗುತ್ತದೆ. ಇಷ್ಟು ವಿಶಾಲವಾದ ನೀರಿನ ಸರಾಸರಿ ಆಳ ಆರೂವರೆ ಮೀಟರ್ ಮಾತ್ರ. ಗಂಗೊಳ್ಳಿಯ ಪಂಚಗಂಗಾವಳಿ ಅಳಿವೆಯನ್ನು ನೋಡಿದವರು ಅದನ್ನೇ ನೂರಾರು ಪಟ್ಟು ಹಿಗ್ಗಿಸಿ ಕಲ್ಪಿಸಿಕೊಳ್ಳಬಹುದು. ಇಲ್ಲಿನ ನೀಲಿ ಏಡಿಗೆ 1896ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಮೇರಿ ರಾತ್‌ಬನ್ ಅವರು ಕೊಟ್ಟ ವೈಜ್ಞಾನಿಕ ಹೆಸರು ಕ್ಯಾಲಿನೆಕ್ಟಿಸ್ ಸ್ಯಾಪಿಡಸ್. ಸುಂದರವಾಗಿ ಈಜುವ ರುಚಿಕರ ಜೀವಿ ಎಂದು ಅದರ ಅರ್ಥ. ಸಾವಿರಾರು ಪ್ರಾಣಿಗಳಿಗೆ ಹೆಸರಿಟ್ಟ ಗಂಭೀರ ವಿಜ್ಞಾನದ ಶಿಸ್ತಿನೊಳಗೆ ನಾಲಿಗೆಯ ಸಂತೋಷವೂ ಸೇರಿಕೊಂಡದ್ದು ನನಗೆ ಬಹಳ ಇಷ್ಟ.

ಈಗ ಚಿಪ್ಪಿನ ವಿಷಯ. ನಮ್ಮ ಎಲುಬು ಒಳಗಿದೆ, ಮೈ ಬೆಳೆದಂತೆ ತಾನೂ ಬೆಳೆಯುತ್ತದೆ. ಏಡಿಯ ಎಲುಬು ಹೊರಗಿದೆ, ಒಮ್ಮೆ ಗಟ್ಟಿಯಾದರೆ ಅದು ಒಂದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಆದ್ದರಿಂದ ಬೆಳೆಯಬೇಕೆಂದರೆ ಏಡಿ ಆ ಚಿಪ್ಪನ್ನೇ ಬಿಟ್ಟು ಹೊರಬರಬೇಕು. ಹೊರಬರುವ ಮೊದಲೇ ಹಳೆಯ ಚಿಪ್ಪಿನ ಅಡಿಯಲ್ಲಿ ಮೆತ್ತಗಿನ ಹೊಸ ಚಿಪ್ಪು ಮಡಿಕೆ ಮಡಿಕೆಯಾಗಿ ಸಿದ್ಧವಾಗಿರುತ್ತದೆ. ಸಮಯ ಬಂದಾಗ ಏಡಿ ನೀರು ಹೀರಿ ಉಬ್ಬುತ್ತದೆ, ಬೆನ್ನಿನ ಹಿಂಬದಿಯ ಗೆರೆ ಬಿಡುತ್ತದೆ, ಆ ಬಿರುಕಿನಿಂದ ಅದು ಹಿಮ್ಮುಖವಾಗಿ ಜಾರಿ ಹೊರಗೆ ಬರುತ್ತದೆ. ಕಾಲು, ಕೊಂಡಿ, ಕಣ್ಣಿನ ಕಡ್ಡಿ ಮಾತ್ರವಲ್ಲ, ಕಿವಿರಿನ ಮೇಲಿನ ಪೊರೆ, ಹೊಟ್ಟೆಯ ಒಳಪದರ ಕೂಡ ಹಳೆಯ ಚಿಪ್ಪಿನಲ್ಲೇ ಉಳಿಯುತ್ತದೆ. ಎಂದೋ ಕಳೆದುಕೊಂಡ ಕಾಲು ಮರಳಿ ಮೂಡುವುದೂ ಇಂಥ ಸಂದರ್ಭದಲ್ಲೇ.

ಹೊರಬಂದ ಏಡಿ ಕೆಲವು ಗಂಟೆಗಳ ಕಾಲ ಒದ್ದೆ ಬಟ್ಟೆಯಂತೆ ಮೆತ್ತಗಿರುತ್ತದೆ. ಆ ಹೊತ್ತಿನಲ್ಲಿ ಮತ್ತಷ್ಟು ನೀರು ಕುಡಿದು, ಹಳೆಯ ಅಳತೆಗಿಂತ ಹೆಚ್ಚುಕಡಿಮೆ ಮೂರನೇ ಒಂದು ಭಾಗ ದೊಡ್ಡದಾಗಿ ಹಿಗ್ಗುತ್ತದೆ. ನೀರಿನಿಂದ ಹೀರಿದ ಸುಣ್ಣದ ಅಂಶದಿಂದ ಹೊಸ ಚಿಪ್ಪು ಮೊದಲು ತೊಗಲಿನಂತೆ, ಆಮೇಲೆ ಕಾಗದದಂತೆ, ಕೆಲವೇ ದಿನಗಳಲ್ಲಿ ಕಲ್ಲಿನಂತೆ ಆಗುತ್ತದೆ. ಈಗ ಚಿಪ್ಪಿನ ಅಳತೆ ದೊಡ್ಡದು, ಒಳಗಿನ ಮೈ ಮಾತ್ರ ಹಳೆಯದು. ಬೆಳೆಯುವ ಮಗುವಿಗೆಂದು ಎರಡು ಅಳತೆ ದೊಡ್ಡ ಅಂಗಿ ಹೊಲಿಸಿದ ಹಾಗೆ. ನಡುವಿನ ಜಾಗದಲ್ಲಿ ಇರುವುದು ನೀರು. ಆ ನೀರಿನ ಜಾಗಕ್ಕೆ ಮಾಂಸ ಬಂದು ತುಂಬಲು ವಾರಗಳೇ ಬೇಕು. ನನ್ನ ಏಳು ಏಡಿಗಳು ಈ ನಡುವಿನ ಅವಧಿಯಲ್ಲಿ ಸಿಕ್ಕಿಬಿದ್ದವು.

ಒಂದು ಏಡಿ ತನ್ನ ಎರಡು ಮೂರು ವರ್ಷದ ಬದುಕಿನಲ್ಲಿ ಸುಮಾರು 20 ಬಾರಿ ಹೀಗೆ ಚಿಪ್ಪು ಕಳಚುತ್ತದೆ, ಅದೂ ನೀರು ಬೆಚ್ಚಗಿರುವಾಗ ಮಾತ್ರ. ಚಳಿಗಾಲದಲ್ಲಿ ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವು ತಳದ ಕೆಸರಿನಲ್ಲಿ ಹೂತುಕೊಂಡು ಅಲ್ಲಾಡದೆ ಮಲಗಿಬಿಡುತ್ತವೆ. ವಸಂತದಲ್ಲಿ ಎದ್ದು ಮೇ ತಿಂಗಳಲ್ಲಿ ವರ್ಷದ ಮೊದಲ ಚಿಪ್ಪು ಬಿಡುತ್ತವೆ. ಜೂನ್, ಜುಲೈ, ಆಗಸ್ಟ್ ಪೂರ್ತಿ ತಿನ್ನುವುದು, ಬಿಡುವುದು, ಮತ್ತೆ ತಿನ್ನುವುದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮಳೆಗಾಲದ ನಿಷೇಧಕ್ಕೆ ದಡ ಸೇರಿರುತ್ತವಲ್ಲ, ಅದೇ ಎರಡು ತಿಂಗಳು ಇಲ್ಲಿ ಸುಗ್ಗಿ. ಆದರೆ ಸುಗ್ಗಿ ಎಂದರೆ ಸಂಖ್ಯೆಯ ಮಾತು. ತೂಕದ ಮಾತು ಬೇರೆ. ಚಳಿಗಾಲದ ದೀರ್ಘ ಉಪವಾಸಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಂಡ ಸೆಪ್ಟೆಂಬರ್, ಅಕ್ಟೋಬರ್ ಏಡಿಯ ಮುಂದೆ ಜುಲೈ ಏಡಿ ನಿಲ್ಲಲಾರದು. ಇಲ್ಲಿನ ಬೇಸಿಗೆ ರಜೆಯ ಓಡಾಟ ಜುಲೈನಲ್ಲಿ ಜೋರಾಗಿರುವುದರಿಂದ ಜನ ಆಗಲೇ ಹೆಚ್ಚು ದುಡ್ಡು ಕೊಟ್ಟು ತಿನ್ನುತ್ತಾರೆ.

ಚಂದ್ರನ ಬಗೆಗೂ ಒಂದು ಮಾತು ಹೇಳಬೇಕು. ಹುಣ್ಣಿಮೆಯ ಹೊತ್ತಿನ ಏಡಿಯಲ್ಲಿ ಮಾಂಸವಿರುವುದಿಲ್ಲ, ಅಮಾವಾಸ್ಯೆಯದು ತುಂಬಿರುತ್ತದೆ ಎಂದು ನಮ್ಮೂರ ಹಿರಿಯರು ಹೇಳುತ್ತಿದ್ದರು. ಮೇ ತಿಂಗಳ ಹುಣ್ಣಿಮೆಗೆ ಏಡಿಗಳು ಒಟ್ಟಾಗಿ ಚಿಪ್ಪು ಬಿಡುತ್ತವೆ ಎಂದು ಚೆಸಪೀಕ್‌ನವರು ಹೇಳುತ್ತಾರೆ. ಸಾವಿರಾರು ಮೈಲಿ ದೂರದ ಎರಡು ದಂಡೆಗಳ ಜನ, ಪರಸ್ಪರ ಗೊತ್ತಿಲ್ಲದೆ, ಹುಣ್ಣಿಮೆ ಮತ್ತು ಹಗುರ ಏಡಿಯನ್ನು ಒಂದೇ ದಾರದಲ್ಲಿ ಪೋಣಿಸಿದ್ದಾರೆ.

ಹೆಣ್ಣಿನ ಬದುಕಿನಲ್ಲಂತೂ ಚಿಪ್ಪು ಕಳಚುವ ಒಂದು ಹೊತ್ತೇ ಎಲ್ಲವೂ. ಏಡಿಯನ್ನು ಮಗುಚಿ ಹಾಕಿದರೆ ಹೊಟ್ಟೆಯ ಮೇಲೆ ಒಂದು ಮುಚ್ಚಳ ಕಾಣುತ್ತದೆ. ಗಂಡಿನದು ಕಂಬದಂತೆ ಕಿರಿದು. ಹತ್ತಿರದ ರಾಜಧಾನಿಯ ವಾಷಿಂಗ್ಟನ್ ಸ್ಮಾರಕಸ್ತಂಭದ ಹಾಗೆ ಎಂದು ಇಲ್ಲಿನವರು ಮಕ್ಕಳಿಗೆ ತೋರಿಸುತ್ತಾರೆ. ಎಳೆಯ ಹೆಣ್ಣಿನದು ತ್ರಿಕೋನ. ಬಲಿತ ಹೆಣ್ಣಿನದು ಅದೇ ರಾಜಧಾನಿಯ ಸಂಸತ್ ಭವನದ ಗುಮ್ಮಟದ ಹಾಗೆ ಅಗಲ. ಹೆಣ್ಣಿನ ಕೊಂಡಿಯ ತುದಿ ಉಗುರುಬಣ್ಣ ಹಚ್ಚಿದಂತೆ ಕೆಂಪು. ತ್ರಿಕೋನ ಗುಮ್ಮಟವಾಗುವುದು ಹೆಣ್ಣು ಕೊನೆಯ ಬಾರಿ ಚಿಪ್ಪು ಕಳಚಿದಾಗ, ಮೆತ್ತಗಿರುವ ಆ ಹೊತ್ತಿನಲ್ಲೇ ಮಿಲನವಾಗಬೇಕು. ಅದು ಸಾಮಾನ್ಯವಾಗಿ ಅವಳ ಬದುಕಿನ ಒಂದೇ ಮಿಲನ. ಗಂಡು ಅವಳನ್ನು ದಿನಗಟ್ಟಲೆ ತನ್ನ ಕಾಲುಗಳ ತೊಟ್ಟಿಲಲ್ಲಿ ಹೊತ್ತು ತಿರುಗುತ್ತದೆ, ಚಿಪ್ಪು ಕಳಚುವಾಗ ಕಾವಲು ನಿಲ್ಲುತ್ತದೆ, ಹೊಸ ಚಿಪ್ಪು ಗಟ್ಟಿಯಾಗುವವರೆಗೂ ಬಿಡುವುದಿಲ್ಲ. ಏಡಿಗಳ ಲೋಕದಲ್ಲಿ ಮೆತ್ತಗಿರುವುದನ್ನು ಸ್ವಂತ ಬಳಗವೇ ತಿಂದುಬಿಡುತ್ತದೆ, ಅದಕ್ಕೇ ಈ ಕಾವಲು.

ಆಮೇಲೆ ಹೆಣ್ಣು ಒಬ್ಬಂಟಿಯಾಗಿ ಕೊಲ್ಲಿಯ ಬಾಯಿಯ ಕಡೆಗೆ, ಉಪ್ಪು ಹೆಚ್ಚಿರುವ ನೀರಿಗೆ ಪಯಣ ಬೆಳೆಸುತ್ತದೆ. ಅಲ್ಲಿ ಹೊಟ್ಟೆಯ ಮುಚ್ಚಳದಡಿ ಕಿತ್ತಳೆ ಬಣ್ಣದ ಮೊಟ್ಟೆಯ ಗೊಂಚಲು ಮೂಡುತ್ತದೆ, ಮರಿಗಳ ಕಣ್ಣು ಬಲಿತಂತೆ ಗೊಂಚಲು ಕಪ್ಪಾಗುತ್ತದೆ. ಒಂದು ಗೊಂಚಲಿನಲ್ಲಿ ಸುಮಾರು 20 ಲಕ್ಷ ಮೊಟ್ಟೆಗಳು. ಮರಿಗಳು ಸಾಗರಕ್ಕೆ ತೇಲಿಹೋಗಿ ತಿಂಗಳಿಗೂ ಹೆಚ್ಚು ಕಾಲ ಅಲ್ಲಿ ಬೆಳೆದು, ಗಾಳಿ ಮತ್ತು ಉಬ್ಬರ ಕೂಡಿಬಂದರೆ ಮತ್ತೆ ಕೊಲ್ಲಿ ಸೇರುತ್ತವೆ. ಇಷ್ಟು ತಿಳಿದ ಮೇಲೆ, ಹವ್ಯಾಸಕ್ಕೆ ಏಡಿ ಹಿಡಿಯುವವರು ಬಲಿತ ಹೆಣ್ಣನ್ನು ಇಟ್ಟುಕೊಳ್ಳಬಾರದು ಎಂಬ ಮೇರಿಲ್ಯಾಂಡ್ ಕಾನೂನು ಯಾಕಿದೆ ಎಂದು ಯಾರೂ ಕೇಳಲಾರರು. ಗಂಡಿಗೂ ಅಳತೆಯ ಮಿತಿ ಇದೆ: ಏಪ್ರಿಲ್ 1ರಿಂದ ಜುಲೈ 14ರವರೆಗೆ ಕನಿಷ್ಠ 5 ಇಂಚು, ಅಲ್ಲಿಂದ ಮುಂದೆ ಐದೂಕಾಲು. ನಿಯಮಗಳನ್ನು ಆಗಾಗ ಪರಿಷ್ಕರಿಸುವುದರಿಂದ ನೀರಿಗಿಳಿಯುವ ಮುನ್ನ ಆ ವರ್ಷದ ಪ್ರಕಟಣೆಯನ್ನು ಓದಿಕೊಳ್ಳಬೇಕು.

ಹಿಡಿಯುವುದಕ್ಕೆ ಅತ್ಯಂತ ಸರಳ ಉಪಾಯ ಒಂದು ದಾರ, ಒಂದು ಭಾರದ ಬಿಲ್ಲೆ, ಒಂದು ತುಂಡು ಕೋಳಿಯ ಕುತ್ತಿಗೆ. ಗಾಳವೇ ಬೇಡ. ದಕ್ಕೆಯ ಮೇಲೆ ಕುಳಿತು ದಾರವನ್ನು ತಳಕ್ಕೆ ಬಿಡಬೇಕು. ಏಡಿಗೆ ಕಣ್ಣಿಗಿಂತ ವಾಸನೆ ಚುರುಕು. ಮೀಸೆಗಳಲ್ಲಿ, ಕಾಲುಗಳಲ್ಲಿ ಕೂಡ ನೀರಿನ ರುಚಿ ಹಿಡಿಯುವ ಶಕ್ತಿ ಅದಕ್ಕಿದೆ. ದಾರ ಬಿಗಿಯಾಗಿ ಪಕ್ಕಕ್ಕೆ ಸರಿಯತೊಡಗಿದರೆ ಏಡಿ ಬಂದಿದೆ ಎಂದರ್ಥ. ಆಗ ಉಸಿರು ಬಿಗಿಹಿಡಿದು ಬೆರಳಷ್ಟು ಬೆರಳಷ್ಟೇ ಎಳೆಯಬೇಕು. ನೀರಿನ ಮೇಲ್ಮೈ ತಲುಪಿದ ಕ್ಷಣ ಅದು ಕೈಬಿಡುತ್ತದೆ, ಆದ್ದರಿಂದ ಕೈಬಲೆ ಅದಕ್ಕೂ ಮೊದಲೇ ಕೆಳಗಿನಿಂದ ಬರಬೇಕು.

ಇದನ್ನೇ ದೊಡ್ಡದಾಗಿ ಮಾಡಿದರೆ ‘ಟ್ರಾಟ್‌ಲೈನ್’. ಕೊಲ್ಲಿಯ ಪೂರ್ವದಂಡೆಯ ವೈ ನದಿಯಲ್ಲಿ ಒಮ್ಮೆ ಗೆಳೆಯರ ದೋಣಿಯಲ್ಲಿ ಹೋಗಿದ್ದೆ. ಇನ್ನೂ ಬೆಳಕು ಹರಿದಿರಲಿಲ್ಲ. ಎರಡು ತೇಲುಗುಂಡುಗಳ ನಡುವೆ 1,200 ಅಡಿ ಉದ್ದದ ಹಗ್ಗ ನದಿಯ ತಳದಲ್ಲಿ ಮಲಗಿತ್ತು, ಅದಕ್ಕೆ ನಾಲ್ಕೈದು ಅಡಿಗೊಂದರಂತೆ ಚಿಪ್ಪುಮೀನಿನ ಪೊಟ್ಟಣ ಕಟ್ಟಿತ್ತು. ದೋಣಿಯ ಪಕ್ಕದ ಉರುಳೆಯ ಮೇಲೆ ಹಗ್ಗವನ್ನು ಎತ್ತಿ ಕೂರಿಸಿ, ಎಂಜಿನ್ ತೀರಾ ನಿಧಾನಕ್ಕಿಟ್ಟು, ಹಗ್ಗದ ಉದ್ದಕ್ಕೂ ಸಾಗಿದೆವು. ಪೊಟ್ಟಣಗಳು ಒಂದೊಂದಾಗಿ ಮೇಲಕ್ಕೆ ಬರುತ್ತಿದ್ದವು. ಕಂದು ನೀರಿನೊಳಗೆ ಮೊದಲು ಒಂದು ಮಸುಕಾದ ಬಿಳಿ, ಆಮೇಲೆ ಅದಕ್ಕೆ ಜೋತುಬಿದ್ದ ನೀಲಿ. ಗೆಳೆಯರ ತಂದೆ ಎಪ್ಪತ್ತು ದಾಟಿದವರು. ಬಲೆಯನ್ನು ನೀರಿನೊಳಗೆ ಅವರು ತೂರಿಸುತ್ತಿದ್ದ ಹದ ನೋಡುವಂತಿತ್ತು. ನೀರು ಚಿಮ್ಮುತ್ತಿರಲಿಲ್ಲ. ಬುಟ್ಟಿಗೆ ಸುರಿದ ತಕ್ಷಣ ಅಳತೆಪಟ್ಟಿ, ಒಂದು ಗೆರೆ ಕಡಿಮೆಯಿದ್ದರೂ ನೀರಿಗೆ. ನೀರಿಗೆ ಹೋದವೇ ಹೆಚ್ಚು.

ವೃತ್ತಿಯ ಮೀನುಗಾರರು ಕೊಲ್ಲಿಯ ತೆರೆದ ನೀರಿನಲ್ಲಿ ಬಳಸುವುದು ತಂತಿಜಾಲರಿಯ ಪಂಜರ. ಪಕ್ಕದ ವರ್ಜೀನಿಯಾ ರಾಜ್ಯದ ಬೆಂಜಮಿನ್ ಲೂಯಿಸ್ ಎಂಬುವರು ಅದನ್ನು ರೂಪಿಸಿ 1938ರಲ್ಲಿ ಸುಧಾರಿತ ಮಾದರಿಗೆ ಹಕ್ಕುಪತ್ರ ಪಡೆದರು. ಕೆಳಗಿನ ಅಂಕಣಕ್ಕೆ ಬಂದ ಏಡಿ ಬೆದರಿದಾಗ ಮೇಲಕ್ಕೆ ಈಜುತ್ತದೆ, ಮೇಲಿನ ಅಂಕಣ ಸೇರಿದ ಮೇಲೆ ಹೊರಗಿನ ದಾರಿ ಅದಕ್ಕೆ ತಿಳಿಯುವುದಿಲ್ಲ. ಸಣ್ಣ ಏಡಿಗಳು ನುಸುಳಿಹೋಗಲೆಂದು ಪಂಜರದಲ್ಲಿ ಬಳೆಯಾಕಾರದ ತೂತುಗಳನ್ನು ಇಡುವುದು ಕಡ್ಡಾಯ.

ಕೊಳ್ಳುವಾಗ ಹಾಗಾದರೆ ಏನು ನೋಡಬೇಕು? ಹೊಟ್ಟೆ ನೋಡಿ. ಹೊಸ ಪಿಂಗಾಣಿಯಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ಚಿಪ್ಪು ಹೊಸದು, ಒಳಗೆ ನೀರು. ತುಕ್ಕಿನ ಕಲೆ ಹಿಡಿದು, ಕೊಳೆಯಾದಂತೆ ಕಂಡರೆ ಚಿಪ್ಪು ಹಳೆಯದು, ಮಾಂಸ ತುಂಬಿದೆ. ಹೊಟ್ಟೆಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಬಾಗಬಾರದು. ಅಂದವಾಗಿ ಕಾಣುವ ಏಡಿಯನ್ನು ಆರಿಸುವುದು ಎಲ್ಲರೂ ಮಾಡುವ ತಪ್ಪು. ಸತ್ತ ಏಡಿಯನ್ನಂತೂ ಮುಟ್ಟಲೇಬೇಡಿ. ಸತ್ತ ಕೂಡಲೇ ಅದರದೇ ಜೀರ್ಣರಸ ಮತ್ತು ಬ್ಯಾಕ್ಟೀರಿಯಾಗಳು ಮಾಂಸವನ್ನು ಕೆಡಿಸತೊಡಗುತ್ತವೆ. ಬೇಸಿಗೆಯ ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಹೆಚ್ಚು. ಕೈಯಲ್ಲಿ ಗಾಯವಿದ್ದರೆ ನೀರಿಗಿಳಿಯಬಾರದು, ಬೆಂದ ಏಡಿಯನ್ನು ಹಸಿ ಏಡಿಯಿದ್ದ ಬುಟ್ಟಿಗೆ ಮತ್ತೆ ಹಾಕಬಾರದು.

ಬೇಯಿಸುವ ಕ್ರಮ ನಮ್ಮ ಇಡ್ಲಿ ಪಾತ್ರೆಯದೇ. ದೊಡ್ಡ ಪಾತ್ರೆಯ ತಳದಲ್ಲಿ ಎರಡು ಮೂರು ಇಂಚು ನೀರು ಮತ್ತು ವಿನಿಗರ್, ಕೆಲವರಿಗೆ ಬಿಯರ್. ಮೇಲೆ ಜಾಲರಿ. ಮೊದಲು ಏಡಿಗಳನ್ನು ಮಂಜುಗಡ್ಡೆಯಲ್ಲಿಟ್ಟು ಮಂಕಾಗಿಸಬೇಕು, ಇಲ್ಲದಿದ್ದರೆ ಬಿಸಿ ತಾಗಿದಾಗ ಅವು ಕೊಂಡಿಗಳನ್ನು ತಾವೇ ಕಳಚಿ ಬಿಡುತ್ತವೆ. ಒಂದು ಸಾಲು ಏಡಿ, ಒಂದು ಹಿಡಿ ಮಸಾಲೆ, ಮತ್ತೊಂದು ಸಾಲು. ಮುಚ್ಚಳ ಹಾಕಿ ಜೋರು ಹಬೆಯಲ್ಲಿ 25ರಿಂದ 30 ನಿಮಿಷ. ನೀಲಿ ಹೋಗಿ ಕೆಂಪು ಬರುತ್ತದೆ. ಆ ಕೆಂಪು ಮೊದಲಿನಿಂದಲೂ ಚಿಪ್ಪಿನಲ್ಲೇ ಇತ್ತು: ಆಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯವನ್ನು ಒಂದು ಪ್ರೋಟೀನ್ ಬಿಗಿಯಾಗಿ ಅಪ್ಪಿಕೊಂಡಿರುವುದರಿಂದ ಅದು ನೀಲಿಯಾಗಿ ಕಾಣುತ್ತದೆ. ಶಾಖಕ್ಕೆ ಪ್ರೋಟೀನ್ ಸಡಿಲವಾದರೆ ಕೆಂಪು ಬಿಡುಗಡೆಯಾಗುತ್ತದೆ.

ದಕ್ಷಿಣದ ಲೂಸಿಯಾನದಲ್ಲಿ ಇದೇ ಏಡಿಯನ್ನು ಮಸಾಲೆ ನೀರಿನಲ್ಲಿ ಮುಳುಗಿಸಿ ಕುದಿಸುತ್ತಾರೆ. ನನ್ನ ಮತ ಹಬೆಗೆ. ಕುದಿಸಿದಾಗ ನೀರು ಒಳಹೊಕ್ಕು ಮಾಂಸದ ಸಿಹಿ ತೆಳ್ಳಗಾಗುತ್ತದೆ. ನಮ್ಮ ಕುಂದಾಪುರದ ಸಾರಿನಲ್ಲಿ ಏಡಿಯನ್ನು ಒಡೆದೇ ಹಾಕುತ್ತೇವೆ. ಅದರ ರಸ ಬ್ಯಾಡಗಿ ಮೆಣಸು, ತೆಂಗಿನಕಾಯಿಯ ಮಸಾಲೆಗೆ ಇಳಿದು ಅನ್ನಕ್ಕೆ ಬರುತ್ತದೆ. ಅಲ್ಲಿ ಗೆಲ್ಲುವುದು ಸಾರು. ಇಲ್ಲಿ ರಸವೆಲ್ಲ ಚಿಪ್ಪಿನೊಳಗೇ ಉಳಿಯುತ್ತದೆ, ಮಸಾಲೆ ಹೊರಗೆ ಕೂತು ಬೆರಳಿನ ಮೂಲಕ ಮಾತ್ರ ಬಾಯಿಗೆ ಬರುತ್ತದೆ.

ಆ ಮಸಾಲೆಯ ಹಿಂದೆ ಒಂದು ದೊಡ್ಡ ನೋವಿದೆ. ಗುಸ್ತಾವ್ ಬ್ರುನ್ ಜರ್ಮನಿಯ ಯಹೂದಿ ಮಸಾಲೆ ವ್ಯಾಪಾರಿ. 1938ರಲ್ಲಿ ನಾಜಿಗಳು ಅವರನ್ನು ಬೂಕನ್‌ವಾಲ್ಡ್ ಸೆರೆಶಿಬಿರಕ್ಕೆ ತಳ್ಳಿದರು. ಹೇಗೋ ಬಿಡಿಸಿಕೊಂಡು ಬಂದು, ಒಂದು ಪುಟ್ಟ ಮಸಾಲೆ ಬೀಸುವ ಯಂತ್ರದೊಂದಿಗೆ ಮೇರಿಲ್ಯಾಂಡ್‌ನ ಬಾಲ್ಟಿಮೋರ್ ನಗರ ಸೇರಿದರು. ಅಲ್ಲಿನ ಸಗಟು ಮೀನು ಮಾರುಕಟ್ಟೆಯ ಬಳಿ ಅಂಗಡಿ ತೆರೆದು ಅವರು ಕೂಡಿಸಿದ ಪುಡಿಯೇ ಇಂದಿನ ‘ಓಲ್ಡ್ ಬೇ’. ಕೊಲ್ಲಿಯಲ್ಲಿ ಓಡುತ್ತಿದ್ದ ಉಗಿಹಡಗಿನ ಸಾಲಿನ ಹೆಸರನ್ನೇ ಅದಕ್ಕಿಟ್ಟರು. ಉಪ್ಪು, ಕೆಂಪು ಮೆಣಸು, ಕಾಳುಮೆಣಸಿನ ಜೊತೆ ಮುಂದೆ ನಿಂತು ಮಾತಾಡುವ ಪರಿಮಳ ಸೆಲರಿ ಬೀಜದ್ದು, ನಮ್ಮ ಓಮದ ದಾಯಾದಿ. ಹಾಗಾಗಿಯೇ ಇರಬೇಕು, ಮೊದಲ ಸಲಕ್ಕೇ ಅದು ನನಗೆ ಪರಿಚಿತ ಎನಿಸಿತು.

ತಿನ್ನುವುದಕ್ಕೆ ತಟ್ಟೆಯಿಲ್ಲ. ಮೇಜಿನ ತುಂಬ ಕಂದು ಕಾಗದ ಹಾಸಿ ಏಡಿಗಳನ್ನು ರಾಶಿ ಸುರಿಯುತ್ತಾರೆ, ತಲೆಗೊಂದು ಮರದ ಸುತ್ತಿಗೆ, ಒಂದು ಮೊಂಡು ಚಾಕು. ಹೊಟ್ಟೆಯ ಮುಚ್ಚಳವನ್ನು ಎತ್ತಿ ಕಿತ್ತು, ಆ ಸಂದಿಗೆ ಹೆಬ್ಬೆರಳು ತೂರಿಸಿ ಬೆನ್ನಿನ ಚಿಪ್ಪನ್ನು ಮೇಲೆತ್ತಬೇಕು. ಎರಡೂ ಬದಿಯಲ್ಲಿ ಬೂದುಬಣ್ಣದ ಕಿವಿರುಗಳು ಕಾಣುತ್ತವೆ, ಅವನ್ನು ಕೆರೆದು ಎಸೆಯಿರಿ. ನಡುವಿನ ಹಳದಿ ಲೇಹ್ಯವನ್ನು ಇಲ್ಲಿನವರು ‘ಸಾಸಿವೆ’ ಎನ್ನುತ್ತಾರೆ. ಅದು ಏಡಿಯ ಯಕೃತ್ತಿನಂಥ ಅಂಗ. ರುಚಿ ಅಪಾರ, ಆದರೆ ನೀರಿನ ಕೈಗಾರಿಕಾ ವಿಷಗಳು ಕೂಡಿಕೊಳ್ಳುವುದೂ ಅಲ್ಲೇ, ಆದ್ದರಿಂದ ಬೆರಳಿಗೆ ಸೋಕಿಸುವಷ್ಟು ಸಾಕು. ಮೈಯನ್ನು ನಡುವೆ ಮುರಿದು, ಹುಟ್ಟಿನಂಥ ಹಿಂಗಾಲನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚುತ್ತಾ ಎಳೆಯಿರಿ. ಕೈ ಪಳಗಿದ್ದರೆ ಕಾಲಿನ ಜೊತೆ ಹೆಬ್ಬೆರಳ ಗಾತ್ರದ ಒಂದು ಬಿಳಿಯ ಗಡ್ಡೆ ಇಡಿಯಾಗಿ ಹೊರಬರುತ್ತದೆ. ಈಜುವ ಕಾಲನ್ನು ದುಡಿಸುವ ಸ್ನಾಯು ಅದು, ಇಡೀ ಏಡಿಯಲ್ಲಿ ಅಂಥವು ಎರಡೇ. ಅಂಗಡಿಯಲ್ಲಿ ಅತ್ಯಂತ ದುಬಾರಿಗೆ ಮಾರುವ ಏಡಿಮಾಂಸ ಇದೇ. ಸುತ್ತಿಗೆ ಕೊಂಡಿಗಳಿಗೆ ಮಾತ್ರ. ಮೈಗೆ ಹೊಡೆದರೆ ಚಿಪ್ಪಿನ ಚೂರು ಮಾಂಸದಲ್ಲಿ ಬೆರೆಯುತ್ತದೆ. ಒಂದು ಡಜನ್ ಮುಗಿಸಲು ಎರಡು ಗಂಟೆ ಬೇಕು, ಆ ಎರಡು ಗಂಟೆ ಯಾರ ಕೈಯೂ ಮೊಬೈಲ್ ಮುಟ್ಟುವ ಸ್ಥಿತಿಯಲ್ಲಿರುವುದಿಲ್ಲ. ಮಾತೇ ಮಾತು.

ಈ ಶ್ರಮವೇ ಇಲ್ಲದ ಇನ್ನೊಂದು ಬಗೆ ‘ಸಾಫ್ಟ್ ಶೆಲ್’, ಚಿಪ್ಪು ಕಳಚಿದ ಗಳಿಗೆಯಲ್ಲೇ ನೀರಿನಿಂದ ಎತ್ತಿದ ಮೆತ್ತನೆಯ ಏಡಿ. ಹುಟ್ಟುಗಾಲಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಚಿಪ್ಪು ಬಿಡಲು ಎರಡು ವಾರದೊಳಗೆ ಎಂದೂ, ನಸುಗೆಂಪಾದರೆ ಒಂದು ವಾರ ಎಂದೂ, ಕಡುಗೆಂಪಾದರೆ ನಾಳೆಯೋ ನಾಡಿದ್ದೋ ಎಂದೂ ಮೀನುಗಾರರು ಓದುತ್ತಾರೆ. ಕೊಲ್ಲಿಯ ಕ್ರಿಸ್‌ಫೀಲ್ಡ್ ಪಟ್ಟಣ, ಸ್ಮಿತ್ ದ್ವೀಪ, ಟ್ಯಾಂಜಿಯರ್ ದ್ವೀಪಗಳಲ್ಲಿ ಇಂಥ ಏಡಿಗಳನ್ನು ಹರಿಯುವ ನೀರಿನ ತೊಟ್ಟಿಗಳಲ್ಲಿಟ್ಟು ಹಗಲು ರಾತ್ರಿ ಕಾಯುತ್ತಾರೆ. ನೀರಿನಿಂದ ತೆಗೆದರೆ ಚಿಪ್ಪು ಗಟ್ಟಿಯಾಗುವುದು ನಿಲ್ಲುತ್ತದೆ. ಕೆಲವು ಗಂಟೆ ತಡವಾದರೂ ತೊಗಲು. ಮುಖ, ಕಿವಿರು, ಹೊಟ್ಟೆಯ ಮುಚ್ಚಳ ಕತ್ತರಿಸಿ, ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕಾಯಿಸಿದರೆ ಕಾಲು, ಕೊಂಡಿ ಎಲ್ಲವನ್ನೂ ಇಡಿಯಾಗಿ ತಿನ್ನಬಹುದು.

ಆದರೆ ಕೊಲ್ಲಿಯಲ್ಲಿ ಏಡಿ ಕಡಿಮೆಯಾಗುತ್ತಿರುವುದು ನನ್ನನ್ನು ನಿಜವಾಗಿ ಕಾಡುತ್ತದೆ. 1990ರಿಂದ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಸೇರಿ ಪ್ರತಿ ಚಳಿಗಾಲ ಸುಮಾರು 1,500 ಕಡೆ ಕೆಸರನ್ನು ಬಾಚಿ, ಮಲಗಿದ ಏಡಿಗಳನ್ನು ಎಣಿಸುತ್ತವೆ. 2022ರ ಅಂದಾಜು ಸುಮಾರು 22.7 ಕೋಟಿ, ಈ ಎಣಿಕೆಯ ಇತಿಹಾಸದಲ್ಲೇ ಕನಿಷ್ಠ. 2025ರಲ್ಲಿ 23.8 ಕೋಟಿ, ಅಲ್ಲಿಯವರೆಗಿನ ಎರಡನೇ ಕನಿಷ್ಠ. ಹೊಲಗಳ ಗೊಬ್ಬರ ನೀರು ಸೇರಿ ಪಾಚಿ ಉಕ್ಕುತ್ತದೆ, ಅದು ಕೊಳೆತಾಗ ಬೇಸಿಗೆಯಲ್ಲಿ ತಳದ ಆಮ್ಲಜನಕ ಮುಗಿಯುತ್ತದೆ. ಚಿಪ್ಪು ಬಿಟ್ಟ ಏಡಿ ಅಡಗಿಕೊಳ್ಳುವ ನೀರಹುಲ್ಲು ಕಲುಷಿತ ನೀರಿನಲ್ಲಿ ಬೆಳಕಿಲ್ಲದೆ ಸಾಯುತ್ತದೆ. ಮೋಜಿನ ಮೀನುಗಾರಿಕೆಗೆಂದು ವರ್ಜೀನಿಯಾದ ನದಿಗಳಿಗೆ ತಂದು ಬಿಟ್ಟ ನೀಲಿ ಬೆಕ್ಕುಮೀನು ಈಗ ಮರಿ ಏಡಿಗಳನ್ನು ತಿನ್ನುತ್ತಿದೆ. ಇದೇ ನೀಲಿ ಏಡಿ ತಾನೇ ಹೊರಗಿನದಾಗಿ ಇಟಲಿಯ ಪೋ ನದಿಯ ಮುಖಜಭೂಮಿಯಲ್ಲಿ ಚಿಪ್ಪುಮೀನು ಸಾಕಣೆಯನ್ನು ಹಾಳುಗೆಡವುತ್ತಿದೆ. ಅಲ್ಲಿನ ಸರ್ಕಾರ 2023ರಲ್ಲಿ ಅದನ್ನು ಹಿಡಿಸುವುದಕ್ಕೇ ಹಣ ಮೀಸಲಿಟ್ಟಿತು.

ಇಲ್ಲಿನ ಹೋಟೆಲುಗಳಲ್ಲಿ ಏಡಿವಡೆಗೆ ಬಳಸುವ ಮಾಂಸ ಎಷ್ಟೋ ಸಲ ಈ ಕೊಲ್ಲಿಯದೇ ಅಲ್ಲ. ಮೇರಿಲ್ಯಾಂಡ್‌ನ ಹೂಪರ್ಸ್ ದ್ವೀಪದಂಥ ಕಡೆ ಮೆಕ್ಸಿಕೊದಿಂದ ಹಂಗಾಮಿ ವೀಸಾದಲ್ಲಿ ಬರುವ ಹೆಣ್ಣುಮಕ್ಕಳು ಕೈಯಲ್ಲೇ ಬಿಡಿಸಿದ ಮಾಂಸ ದುಬಾರಿ. ಅದಕ್ಕಿಂತ ಅಗ್ಗಕ್ಕೆ ಇಂಡೊನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂ, ಭಾರತದ ಡಬ್ಬಿಗಳು ಬರುತ್ತವೆ. ಅಂಥ ಡಬ್ಬಿಯ ಮೇಲೆ ಪೋರ್ಚುನಸ್ ಪೆಲಾಜಿಕಸ್ ಎಂಬ ಹೆಸರಿದ್ದರೆ ಅದು ನಮ್ಮ ಕರಾವಳಿಯ ಬಲೆಗೂ ಬೀಳುವ ನೀಲಿ ಏಡಿ, ತುಳುವರ ಡೆಂಜಿಗಳಲ್ಲಿ ಒಂದು, ಚೆಸಪೀಕ್ ಏಡಿಯ ಕುಟುಂಬದ್ದೇ. ಅದೂ ಚೆನ್ನಾಗಿರುತ್ತದೆ. ಆದರೆ ಚಳಿಗಾಲಕ್ಕೆಂದು ಕೊಬ್ಬು ಕೂಡಿಡುವ ಅಗತ್ಯ ಅದಕ್ಕೆ ಬಂದಿಲ್ಲ, ಆ ಬೆಣ್ಣೆಯ ರುಚಿ ಅದರಲ್ಲಿಲ್ಲ.

ಈಗ ನಾನು ಜುಲೈನಲ್ಲಿ ದಕ್ಕೆಗೆ ಹೋಗುವುದು ಮಕ್ಕಳ ಜೊತೆ ದಾರ ಬಿಡುವುದಕ್ಕೆ ಮಾತ್ರ. ತಿನ್ನುವುದಕ್ಕೆ ಸೆಪ್ಟೆಂಬರ್ ಕೊನೆಯ ವಾರಕ್ಕೆ ಒಂದು ಡಜನ್ ಹೇಳಿಟ್ಟಿರುತ್ತೇನೆ. ಅಂಗಡಿಯವರು ಒಂದೊಂದನ್ನೂ ಮಗುಚಿ, ತುಕ್ಕು ಹಿಡಿದ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಬಾಗದಿದ್ದರೆ ಮಾತ್ರ ಚೀಲಕ್ಕೆ ಹಾಕುತ್ತಾರೆ.